ಪೆಟ್ಟಿಗೆಗೆ ಕನ್ನಡ ಬರಬೇಕಾ?

ನಮ್ಮ ಪದ್ಮನಾಭನಗರದಲ್ಲಿ ಯಾವ ಪಾರ್ಕಿನ ಬೆಂಚಿನ ಮೇಲೆ ಕೂತರೂ ಹತ್ತು ನಿಮಿಷದೊಳಗೆ ಮಾತು ಆಸ್ತಿಗೆ ಬಂದು ನಿಲ್ಲುತ್ತೆ. ಪಿತ್ರಾರ್ಜಿತವಾ, ಸ್ವಯಾರ್ಜಿತವಾ? ಬಿಡಿಎ ಕೊಟ್ಟ 30-40 ಸೈಟಿನಲ್ಲಿ ಅಪ್ಪ ಕಟ್ಟಿದ ಮನೆ, ಅದರ ಮೇಲೆ ಮಗ ಎಬ್ಬಿಸಿದ ಮಹಡಿ, ಅದರ ಮೇಲೆ ಬಾಡಿಗೆಗೆ ಅಂತ ಒಂದು ರೂಮು. ಮೇಲೆ ಕಟ್ಟಿದವನಿಗೆ ಪಾಯ ಪುಕ್ಕಟೆ ಸಿಕ್ಕಿತು, ನಿಜ. ಆದರೆ ಕೆಳಗಿನ ಪೈಪು ಕಟ್ಟಿಕೊಂಡರೆ ಮೇಲಿನ ಬಚ್ಚಲಲ್ಲೂ ನೀರು ನಿಲ್ಲುತ್ತೆ. ಕೆಳಗಿನ ಗೋಡೆ ಒಡೀಬೇಕು ಅಂದ್ರೆ ಮೇಲಿನವನನ್ನೂ ಕೇಳಬೇಕು.

ಪ್ರೋಗ್ರಾಮ್ ಬರೆಯೋ ನಮ್ಮಂಥವರ ಲೋಕದಲ್ಲೂ ಇದೇ ವ್ಯಾಜ್ಯ ಇದೆ. ಕಂಪ್ಯೂಟರ್ ಪರದೆ ಮೇಲೆ ನೀವು ನೋಡೋ ಕಿಟಕಿ, ಗುಂಡಿ, ಟೈಪ್ ಮಾಡೋ ಪೆಟ್ಟಿಗೆ, ಒತ್ತಿದರೆ ಕೆಳಗೆ ಬಿಚ್ಚಿಕೊಳ್ಳೋ ಪಟ್ಟಿ, ಇವೆಲ್ಲ ಒಂದೊಂದು ಕ್ಲಾಸು. ಹೊಸ ನಮೂನೆಯ ಪೆಟ್ಟಿಗೆ ಬೇಕು ಅಂದ್ರೆ ಎರಡು ದಾರಿ. ಇರೋ ಪೆಟ್ಟಿಗೆಯನ್ನ ಅಪ್ಪ ಅಂತ ಘೋಷಿಸಿ, ಅದಕ್ಕೆ ಮಗನಾಗಿ ಹೊಸದನ್ನ ಹುಟ್ಟಿಸೋದು. ಅಪ್ಪನ ಗುಣಗಳೆಲ್ಲ ಕೇಳದೇ ಬರುತ್ತವೆ, ಬೇಕಾದ್ದನ್ನ ಮಾತ್ರ ತಿದ್ದಿಕೊಳ್ಳಬಹುದು. ಇದು ಇನ್ಹೆರಿಟೆನ್ಸ್. ಇನ್ನೊಂದು, ಪೆಟ್ಟಿಗೆಯನ್ನ ಅದರ ಪಾಡಿಗೆ ಬಿಟ್ಟು, ಬೇಕಾದ ಕೆಲಸ ಮಾಡೋ ಬೇರೊಂದು ವಸ್ತುವನ್ನ ಪಕ್ಕದಲ್ಲಿ ಕೂರಿಸಿ, ಎರಡನ್ನೂ ಜೋಡಿಸೋದು. ಇದು ಕಾಂಪೊಸಿಶನ್. ನಾವು ಬಳುವಳಿ, ಜೋಡಣೆ ಅಂತ ಕರೆಯೋಣ. ಎರಡರಲ್ಲಿ ಯಾವುದು ಮೇಲು ಅನ್ನೋದು ಇಂಟರ್‌ವ್ಯೂಗಳಲ್ಲಿ ಕೇಳಿ ಕೇಳಿ ಸವೆದುಹೋದ ಪ್ರಶ್ನೆ. ಉತ್ತರವೂ ಅಷ್ಟೇ ಸವೆದಿದೆ. ನನ್ನ ಪಾಲಿಗೆ ಅದಕ್ಕೆ ಜೀವ ಬಂದಿದ್ದು ನಮ್ಮ ಬಡಾವಣೆಯ ಒಂದು ಬಾಡಿಗೆ ಪುಸ್ತಕದ ಲೈಬ್ರರಿಯಿಂದ.

ದೇವೇಗೌಡ ಪೆಟ್ರೋಲ್ ಬಂಕಿನಿಂದ ಒಳಕ್ಕೆ ನಡೆದು ಬಂದರೆ ಸಿಗೋ ಅಡ್ಡರಸ್ತೆಯೊಂದರಲ್ಲಿ, ಕಾರು ನಿಲ್ಲಿಸಬೇಕಾದ ಜಾಗದಲ್ಲಿ ಕಬ್ಬಿಣದ ಕಪಾಟು ಜೋಡಿಸಿಕೊಂಡು ಒಬ್ಬ ನಿವೃತ್ತ ಮೇಷ್ಟ್ರು ನಡೆಸೋ ಲೈಬ್ರರಿ. ನಾಲ್ಕು ಸಾವಿರ ಚಿಲ್ಲರೆ ಪುಸ್ತಕ, ಮುಕ್ಕಾಲು ಪಾಲು ಕನ್ನಡ. ಅವರಿಗೆ ಪಕ್ಕದ ಬೀದಿಯ ಇಂಜಿನಿಯರಿಂಗ್ ಹುಡುಗನೊಬ್ಬ ಕೊನೇ ವರ್ಷದ ಪ್ರಾಜೆಕ್ಟಿಗೆ ಅಂತ ಡಾಟ್‌ನೆಟ್ಟಿನ ವಿಂಡೋಸ್ ಫಾರ್ಮ್ಸ್‌ನಲ್ಲಿ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದ. ಅಚ್ಚುಕಟ್ಟು ಹುಡುಗ. ಪ್ರಾಜೆಕ್ಟಿಗೆ ಬರೆದದ್ದು ಎಷ್ಟೋ ವರ್ಷ ದಿನನಿತ್ಯದ ಕೆಲಸಕ್ಕೆ ಬಂತು ಅಂದ್ರೆ ಸಣ್ಣ ಮಾತಲ್ಲ. ಅವನು ವಿದೇಶಕ್ಕೆ ಹೋದಮೇಲೆ ಭಾನುವಾರಗಳಲ್ಲಿ ಅದನ್ನ ನೋಡಿಕೊಳ್ಳೋ ಜವಾಬ್ದಾರಿ ನನಗೆ ಬಂತು. ಅಂದ್ರೆ ಆ ಕೋಡು ನನಗೆ ಪಿತ್ರಾರ್ಜಿತ.

ಮೇಷ್ಟ್ರ ದೂರು ಒಂದೇ. ಹೊಸ ಪುಸ್ತಕ ಸೇರಿಸೋ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ತಾನೇ ತಾನಾಗಿ ಕನ್ನಡ ಬರುತ್ತೆ. ಹುಡುಕೋ ಪಟ್ಟಿಯಲ್ಲಿ ಬರಲ್ಲ. ಪುಸ್ತಕಗಳನ್ನ ಸಾಲಾಗಿ ತೋರಿಸಿ ತಿದ್ದೋಕೆ ಬಿಡೋ ಕೋಷ್ಟಕದಲ್ಲೂ ಬರಲ್ಲ.

"ಅಲ್ಲಮ್ಮಾ, ಒಂದು ಕಡೆ ಕನ್ನಡ ಬರುತ್ತೆ, ಇನ್ನೊಂದು ಕಡೆ ಇಂಗ್ಲಿಷೇ ಗತಿ ಅಂದ್ರೆ ಇದ್ಯಾವ ನ್ಯಾಯ? ಪ್ರೋಗ್ರಾಮ್ ಒಂದೇ ತಾನೇ?"

"ಪ್ರೋಗ್ರಾಮ್ ಒಂದೇ ಮೇಷ್ಟ್ರೇ, ಪೆಟ್ಟಿಗೆಗಳ ವಂಶ ಬೇರೆ ಬೇರೆ."

ಅವರು ನಕ್ಕರು, ಆದರೆ ತೊಂದರೆ ನಗುವಂಥದ್ದಾಗಿರಲಿಲ್ಲ. ಮಧ್ಯಾಹ್ನದ ಹೊತ್ತು ಕೂರೋ ಹುಡುಗಿ ಹುಡುಕೋ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು, ಪುಸ್ತಕ ಸಿಗದಿದ್ದಾಗ, ಇಲ್ಲವೇ ಇಲ್ಲ ಅಂದುಕೊಂಡು ಕೋಷ್ಟಕದ ಕೊನೆಯ ಸಾಲಿನಲ್ಲಿ ಮತ್ತೆ ಸೇರಿಸ್ತಿದ್ದಳು. ಭೈರಪ್ಪನವರ 'ವಂಶವೃಕ್ಷ' ಹೀಗೆ ಒಂದು ಸಲ ಕನ್ನಡದಲ್ಲಿ, ಎರಡು ಸಲ ಎರಡು ಥರದ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ದಾಖಲಾಗಿತ್ತು. ಕಪಾಟಿನಲ್ಲಿದ್ದದ್ದು ಒಂದೇ ಪ್ರತಿ. ವರ್ಷಗಟ್ಟಲೆ ಹೀಗೇ ನಡೆದರೆ ಕನ್ನಡ ಲೈಬ್ರರಿಯ ಪಟ್ಟಿ ನಿಧಾನಕ್ಕೆ ಇಂಗ್ಲಿಷ್ ಲಿಪಿಗೆ ಜಾರಿಬಿಡುತ್ತೆ. ಕನ್ನಡದ ಮೇಲೆ ಯಾರಿಗೂ ದ್ವೇಷ ಇರಬೇಕಾಗಿಲ್ಲ, ಎರಡು ಪೆಟ್ಟಿಗೆಗಳಲ್ಲಿ ಕನ್ನಡ ಬರದಿದ್ದರೆ ಸಾಕು.

ಯಾಕೆ ಬರ್ತಿರಲಿಲ್ಲ ಅನ್ನೋದಕ್ಕೆ ವಂಶಾವಳಿ ಬಿಡಿಸಬೇಕು. ಹುಡುಗ ಮಾಡಿದ್ದು ಪುಸ್ತಕದಲ್ಲಿ ಹೇಳಿಕೊಟ್ಟ ದಾರಿ. ಡಾಟ್‌ನೆಟ್ ಕೊಡೋ 'ಟೆಕ್ಸ್ಟ್‌ಬಾಕ್ಸ್' ಅನ್ನೋ ಕ್ಲಾಸಿಗೆ 'ಕನ್ನಡ ಟೆಕ್ಸ್ಟ್‌ಬಾಕ್ಸ್' ಅನ್ನೋ ಮಗನನ್ನ ಹುಟ್ಟಿಸಿ, ಕೀಲಿ ಒತ್ತಿದಾಗ ನಡೆಯೋ ಕೆಲಸವನ್ನ ತಿದ್ದಿ ಬರೆದಿದ್ದ. ಟೆಕ್ಸ್ಟ್‌ಬಾಕ್ಸಿನ ಅಪ್ಪ ಟೆಕ್ಸ್ಟ್‌ಬಾಕ್ಸ್‌ಬೇಸ್, ಅದರ ಅಪ್ಪ ಕಂಟ್ರೋಲ್. ಹುಡುಕೋ ಪಟ್ಟಿ ಇದೆಯಲ್ಲ, ಕಾಂಬೋಬಾಕ್ಸ್, ಅದರ ಅಪ್ಪ ಲಿಸ್ಟ್‌ಕಂಟ್ರೋಲ್. ಅಜ್ಜನ ಹಂತದಲ್ಲಿ ಮಾತ್ರ ಇಬ್ಬರಿಗೂ ಸಂಬಂಧ. ಟೆಕ್ಸ್ಟ್‌ಬಾಕ್ಸಿನ ಮಗ ಕಲಿತ ವಿದ್ಯೆ ಕಾಂಬೋಬಾಕ್ಸಿಗೆ ಬರೋಕೆ ದಾರಿಯೇ ಇಲ್ಲ. ಕೋಷ್ಟಕದ ಕತೆ ಇನ್ನೂ ತಮಾಷೆ. ಡೇಟಾಗ್ರಿಡ್‌ವ್ಯೂ ಅನ್ನೋ ಆ ಕೋಷ್ಟಕದ ಒಂದು ಮನೆಯನ್ನ ತಿದ್ದೋಕೆ ಹೋದರೆ ಅದು ತನ್ನದೇ ಒಂದು ಪೆಟ್ಟಿಗೆಯನ್ನ ತಂದು ಅಲ್ಲಿ ಕೂರಿಸುತ್ತೆ. ಆ ಪೆಟ್ಟಿಗೆಯೂ ಟೆಕ್ಸ್ಟ್‌ಬಾಕ್ಸಿನ ಮಗನೇ. ಅಂದ್ರೆ ನಮ್ಮ ಕನ್ನಡ ಟೆಕ್ಸ್ಟ್‌ಬಾಕ್ಸಿಗೆ ಅಣ್ಣನೋ ತಮ್ಮನೋ ಆಗಬೇಕು. ಅಪ್ಪನಿಂದ ಮಗನಿಗೆ ಬರುತ್ತೆ, ಅಣ್ಣನಿಂದ ತಮ್ಮನಿಗೆ ಏನೂ ಬರಲ್ಲ!

ಹಾಗಾದ್ರೆ ಕಾಂಬೋಬಾಕ್ಸಿಗೊಂದು ಕನ್ನಡದ ಮಗ, ಕೋಷ್ಟಕದ ಪೆಟ್ಟಿಗೆಗೊಂದು ಕನ್ನಡದ ಮಗ ಅಂತ ಇನ್ನೆರಡು ಹುಟ್ಟಿಸಿಬಿಟ್ಟರೆ ಆಯ್ತಲ್ಲ? ಮೂರು ಕಡೆ ಒಂದೇ ಕೋಡಿನ ನಕಲು, ಹೇಗೋ ಸಹಿಸಬಹುದು. ಸಹಿಸೋಕಾಗದ್ದು ಮುಂದಿದೆ. ಮೇಷ್ಟ್ರು ಸ್ಕೂಲಿನಲ್ಲಿದ್ದಾಗ 'ನುಡಿ' ಕಲಿತವರು, ಅವರ ಬೆರಳಿಗೆ ಒಗ್ಗಿದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಮಧ್ಯಾಹ್ನದ ಹುಡುಗಿಗೆ ಬರೋದು 'ಬರಹ'ದ ಥರ ಇಂಗ್ಲಿಷ್ ಉಚ್ಚಾರಣೆಯಲ್ಲಿ ಹೊಡೆಯೋದು. ಎರಡರ ತರ್ಕವೂ ತದ್ವಿರುದ್ಧ. ರಾವ್ ಅವರ ಕೀಲಿಮಣೆಯಲ್ಲಿ 'ಕೆ' ಒತ್ತಿದರೆ ಪೂರ್ತಿ ಕ ಬರುತ್ತೆ, ಅ ಅದರೊಳಗೇ ಇರುತ್ತೆ; ಒತ್ತು ಬೇಕಾದರೆ 'ಎಫ್' ಒತ್ತಿ ಅದನ್ನ ಕಳೆಯಬೇಕು. ಕೆ, ಎಫ್, ಎಕ್ಸ್ ಒತ್ತಿದರೆ ಕ್ಷ. 'ಬರಹ'ದ ರೀತಿಯಲ್ಲಿ 'ಕೆ' ಒತ್ತಿದರೆ ಬರೋದು ಅರ್ಧಾಕ್ಷರ ಕ್, 'ಎ' ಒತ್ತಿದಮೇಲೇ ಅದು ಕ ಆಗೋದು. ಹೀಗಾಗಿ ಎರಡು ಕೀಲಿಮಣೆ, ಮೂರು ಥರದ ಪೆಟ್ಟಿಗೆ, ಒಟ್ಟು ಆರು ಕ್ಲಾಸು. ನಾಳೆ ಯಾರಾದ್ರೂ ಇನ್‌ಸ್ಕ್ರಿಪ್ಟ್ ಕೀಲಿಮಣೆಯವರು ಬಂದರೆ ಒಂಬತ್ತು. ಒಂದರಲ್ಲಿ ತಪ್ಪು ಸಿಕ್ಕಿದರೆ ಉಳಿದ ಎಂಟನ್ನೂ ತೆಗೆದು ನೋಡಬೇಕು.

ಬಳುವಳಿಯ ಮೂಲ ತೊಡಕು ಇದು. ಅದರಲ್ಲಿ ಎಲ್ಲವೂ ಗುಣಾಕಾರ. ಎರಡು ಬೇರೆ ಬೇರೆ ಸಂಗತಿಗಳು, ಪೆಟ್ಟಿಗೆ ಯಾವುದು ಅನ್ನೋದು ಒಂದು, ಕೀಲಿಮಣೆ ಯಾವುದು ಅನ್ನೋದು ಇನ್ನೊಂದು, ಎರಡನ್ನೂ ಒಂದೇ ವಂಶವೃಕ್ಷದಲ್ಲಿ ತುರುಕಿದರೆ ಪ್ರತಿ ಜೋಡಿಗೂ ಒಂದೊಂದು ಕೊಂಬೆ ಬೇಕು. ಜೋಡಣೆಯಲ್ಲಾದರೆ ಸಂಕಲನ.

ಇದು ಕನ್ನಡ ಓದೋಕೆ ಕಲಿತ ಯಾರಿಗೂ ಹೊಸದಲ್ಲ ಅಂತ ನನಗನ್ನಿಸುತ್ತೆ. ನಮ್ಮಲ್ಲಿ 34 ವ್ಯಂಜನ. ಒಂದಕ್ಕೊಂದು ಒತ್ತು ಕೊಡ್ತಾ ಹೋದರೆ ಲೆಕ್ಕಕ್ಕೆ 1,156 ಜೋಡಿ ಆಗುತ್ತೆ, ಅದರ ಮೇಲೆ ಕಾಗುಣಿತ ಬೇರೆ. ಯಾವ ಮಗುವೂ ಇಷ್ಟನ್ನ ಬಾಯಿಪಾಠ ಮಾಡಲ್ಲ. ಅಕ್ಷರ ಗೊತ್ತು, ಒತ್ತು ಗೊತ್ತು, ಸ್ವರಚಿಹ್ನೆ ಗೊತ್ತು, ಮಿಕ್ಕಿದ್ದು ಜೋಡಣೆ. ಯೂನಿಕೋಡಿನವರೂ ಕ್ಷ ಅನ್ನೋದಕ್ಕೆ ಬೇರೆ ಸಂಖ್ಯೆ ಕೊಡೋಕೆ ಹೋಗಲಿಲ್ಲ. ಕ, ವಿರಾಮ, ಷ ಅಂತ ಮೂರು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಅದೇ ಕ್ಷ. ಇಡೀ ಕನ್ನಡಕ್ಕೆ ಕೊಟ್ಟಿರೋ ಜಾಗ 128 ಮನೆ, ಅದರಲ್ಲೂ ಕೆಲವು ಖಾಲಿ.

ಸರಿ, ಲೈಬ್ರರಿಗೆ ವಾಪಸ್. ಹುಡುಗ ಬಳುವಳಿಯ ದಾರಿ ಹಿಡಿದದ್ದಕ್ಕೆ ಒಂದು ಕಾರಣವೂ ಇತ್ತು. ಕನ್ನಡ ಟೈಪಿಸೋ ಕೋಡಿಗೆ ಪೆಟ್ಟಿಗೆಯ ಒಳಗುಟ್ಟು ಗೊತ್ತಿರಬೇಕು ಅಂತ ಮೊದಲ ನೋಟಕ್ಕೆ ಅನ್ನಿಸುತ್ತೆ. ಯಾಕಂದ್ರೆ 'ಐ' ಒತ್ತಿದಾಗ ಏನು ಬರಬೇಕು ಅನ್ನೋದು ಹಿಂದಿನ ಅಕ್ಷರದ ಮೇಲೆ ನಿಂತಿದೆ. ಹಿಂದೆ ವ್ಯಂಜನ ಇದ್ದರೆ ಗುಡಿಸು, ಇಲ್ಲದಿದ್ದರೆ ಇಡೀ ಇ. ಆದರೆ ಕೂತು ಯೋಚಿಸಿದರೆ ಕೀಲಿಮಣೆಯ ಕೋಡು ಪೆಟ್ಟಿಗೆಯನ್ನ ಕೇಳಬೇಕಾದ್ದು ಎರಡೇ ಮಾತು. 'ಕರ್ಸರಿನ ಹಿಂದೆ ಏನಿದೆ?', 'ಇದನ್ನ ಅಲ್ಲಿ ಹಾಕ್ತೀಯಾ?' ಅಷ್ಟೇ. ಪೆಟ್ಟಿಗೆಯ ಅಪ್ಪ ಯಾರು, ಬಣ್ಣ ಯಾವುದು, ಕೋಷ್ಟಕದೊಳಗೆ ಕೂತಿದೆಯಾ ಹೊರಗೆ ಕೂತಿದೆಯಾ, ಇದ್ಯಾವುದೂ ಅದಕ್ಕೆ ಬೇಡ.

ಹಾಗಾಗಿ ಕೀಲಿಮಣೆಗೊಂದು ಸ್ವತಂತ್ರ ವಸ್ತು. ರಾವ್ ಕೀಲಿಮಣೆಗೆ ಒಂದು, ಉಚ್ಚಾರಣೆಯ ಕೀಲಿಮಣೆಗೆ ಒಂದು. ಅದನ್ನ ಯಾವ ಪೆಟ್ಟಿಗೆಗೆ ಜೋಡಿಸಿದರೂ, ಕೀಲಿ ಒತ್ತಿದ ಸುದ್ದಿ ಪೆಟ್ಟಿಗೆಯಿಂದ ಅದಕ್ಕೆ ಹೋಗುತ್ತೆ, ಅದು ಎರಡು ಮಾತು ಕೇಳಿ ಕನ್ನಡ ಹಾಕಿಸುತ್ತೆ, 'ಈ ಕೀಲಿಯ ಕೆಲಸ ಮುಗೀತು, ನೀನು ಮತ್ತೆ ಇಂಗ್ಲಿಷ್ ಹಾಕಬೇಡ' ಅಂತ ಹೇಳುತ್ತೆ. ಕಾಂಬೋಬಾಕ್ಸಿಗೂ ಅದೇ. ಕೋಷ್ಟಕ ತನ್ನ ಪೆಟ್ಟಿಗೆಯನ್ನ ಹೊರಗೆ ತರೋ ಕ್ಷಣದಲ್ಲಿ 'ನೋಡು, ಇದನ್ನ ತೋರಿಸ್ತಿದ್ದೀನಿ' ಅಂತ ಒಂದು ಸುದ್ದಿ ಕಳಿಸುತ್ತೆ, ಆಗ ಜೋಡಿಸಿದರೆ ಆಯ್ತು. ಕನ್ನಡ ಟೆಕ್ಸ್ಟ್‌ಬಾಕ್ಸ್ ಅನ್ನೋ ಕ್ಲಾಸನ್ನ ತೆಗೆದುಹಾಕಿದೆ. ಪೆಟ್ಟಿಗೆಗಳೆಲ್ಲ ಮಾಮೂಲಿ ಪೆಟ್ಟಿಗೆಗಳಾದವು. ಸದಸ್ಯರ ಹೆಸರಿನ ಪೆಟ್ಟಿಗೆಗೆ ಕನ್ನಡ ಜೋಡಿಸಿದೆ, ಫೋನ್ ನಂಬರಿನದಕ್ಕೆ ಜೋಡಿಸಲಿಲ್ಲ. ಬೆಳಿಗ್ಗೆ ಮೇಷ್ಟ್ರ ಕೀಲಿಮಣೆ, ಮಧ್ಯಾಹ್ನ ಹುಡುಗಿಯದು. ಒಂದು ಗುಂಡಿ ಒತ್ತಿ ಬದಲಾಯಿಸೋ ಅನುಕೂಲ.

ಈಗ ನಿಮಗೊಂದು ಪ್ರಶ್ನೆ ಬಂದಿರಬೇಕು. 'ನುಡಿ', 'ಬರಹ' ಹೀಗೇ ಅಲ್ವಾ ಕೆಲಸ ಮಾಡಿದ್ದು? ಹೌದು, ಅದನ್ನೇ ಹೇಳೋಕೆ ಹೊರಟಿದ್ದು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ'ಯನ್ನ ತಂತು, ರಾವ್ ಅವರ ವಿನ್ಯಾಸವನ್ನ ಸರ್ಕಾರ ಒಪ್ಪಿಕೊಂಡಿತು. ಇವುಗಳಲ್ಲಿ ತಮ್ಮದೇ ಬರೆಯೋ ಕಿಟಕಿಯೂ ಇತ್ತು. ಆದರೆ ಕನ್ನಡಿಗರ ಕಂಪ್ಯೂಟರುಗಳಲ್ಲಿ ಕನ್ನಡ ಹರಡಿದ್ದು ಅವುಗಳ ಇನ್ನೊಂದು ಗುಣದಿಂದ. ಮೂಲೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಕೂತು, ನೀವು ವರ್ಡ್‌ನಲ್ಲಿದ್ದರೂ ಪೇಜ್‌ಮೇಕರಿನಲ್ಲಿದ್ದರೂ ಕೀಲಿಯನ್ನ ಹಿಡಿದು ಕನ್ನಡ ಮಾಡಿ ಕೊಡೋದು. ವರ್ಡ್ ಬರೆದವರಿಗೆ ಕನ್ನಡ ಗೊತ್ತಿರಬೇಕಾಗಿರಲಿಲ್ಲ. ಲಿನಕ್ಸಿನಲ್ಲಿ ಐಬಸ್ ಮಾಡೋದೂ ಇದನ್ನೇ. ಪ್ರತಿಯೊಂದು ಪ್ರೋಗ್ರಾಮೂ 'ಕನ್ನಡ ಪೆಟ್ಟಿಗೆ'ಯ ವಂಶದಲ್ಲೇ ಹುಟ್ಟಲಿ ಅಂತ ಕಾದಿದ್ದರೆ ಮೇಷ್ಟ್ರಂಥವರು ಇವತ್ತಿಗೂ ಕಾಯ್ತಿರಬೇಕಾಗಿತ್ತು.

ಮತ್ತೆ ನೇರವಾಗಿ 'ನುಡಿ' ಹಾಕಿಕೊಡೋದು ಬಿಟ್ಟು ಇಷ್ಟೆಲ್ಲ ಯಾಕೆ ಅಂದ್ರೆ, ಮೇಷ್ಟ್ರಿಗೆ ಬೇಕಿದ್ದದ್ದು ಹೆಸರಿನ ಪೆಟ್ಟಿಗೆಗೆ ಹೋದಾಗ ತಾನಾಗಿ ಕನ್ನಡ, ಫೋನಿನ ಪೆಟ್ಟಿಗೆಗೆ ಹೋದಾಗ ತಾನಾಗಿ ಅಂಕಿ. ಕೌಂಟರಿನ ಮುಂದೆ ನಾಲ್ಕು ಜನ ನಿಂತಿರುವಾಗ ಕೀಲಿಮಣೆ ಬದಲಾಯಿಸೋದು ಯಾರಿಗೂ ನೆನಪಿರಲ್ಲ.

ಈ ವ್ಯಾಜ್ಯ ನಮ್ಮ ಅಡ್ಡರಸ್ತೆಯದ್ದಷ್ಟೇ ಅಲ್ಲ. ಜಾವಾದ ಮೊದಲ ಆವೃತ್ತಿ 1996ರಲ್ಲಿ ಬಂದಾಗ, ಒಂದು ಗುಂಡಿ ಒತ್ತಿದರೆ ಏನಾಗಬೇಕು ಅಂತ ಹೇಳೋಕೂ ಯಾವುದಾದರೂ ಕ್ಲಾಸಿನ ಮಗನನ್ನ ಹುಟ್ಟಿಸಿ ಅದರ ನಡತೆಯನ್ನ ತಿದ್ದಬೇಕಿತ್ತು. ಮರುವರ್ಷವೇ ಬಂದ 1.1ರಲ್ಲಿ ಆ ಪದ್ಧತಿ ಬಿಟ್ಟು, ಗುಂಡಿಯ ಸುದ್ದಿ ಕೇಳೋಕೆ ಬೇರೊಂದು ವಸ್ತುವನ್ನ ಜೋಡಿಸೋ ಪದ್ಧತಿ ತಂದರು. 1994ರಲ್ಲಿ ನಾಲ್ಕು ಜನ ಸೇರಿ ಬರೆದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಬಳುವಳಿಗಿಂತ ಜೋಡಣೆಗೆ ಒಲವು ತೋರಿಸಿ ಅಂತ ಬುದ್ಧಿ ಹೇಳಿದ್ದೂ ಇಂಥದ್ದೇ ಉದಾಹರಣೆ ಇಟ್ಟುಕೊಂಡು. ಬರಹ ತೋರಿಸೋ ಒಂದು ಪೆಟ್ಟಿಗೆ, ಅದಕ್ಕೆ ಅಂಚು ಬೇಕು, ಸ್ಕ್ರೋಲ್‌ಬಾರ್ ಬೇಕು. ಅಂಚಿನದೊಂದು, ಸ್ಕ್ರೋಲ್‌ಬಾರಿನದೊಂದು, ಎರಡೂ ಇರೋದೊಂದು ಅಂತ ಮಕ್ಕಳನ್ನ ಹುಟ್ಟಿಸೋ ಬದಲು ಹೊರಗಿನಿಂದ ಹೊದಿಸಿ ಅಂತ. 2020ರ ಡಿಸೆಂಬರಿನಲ್ಲಿ ಬಂದ ಜಿಟಿಕೆ 4ರಲ್ಲಿ ಎಷ್ಟೋ ಪೆಟ್ಟಿಗೆ-ಗುಂಡಿಗಳಿಗೆ 'ಇನ್ನು ಮುಂದೆ ಮಕ್ಕಳಿಲ್ಲ' ಅಂತಲೇ ಮೊಹರು ಹಾಕಿಬಿಟ್ಟರು. ಅದಕ್ಕೆ ಮುಂಚೆ ಹುಡುಕೋ ಪೆಟ್ಟಿಗೆ ಮಾಮೂಲಿ ಪೆಟ್ಟಿಗೆಯ ಮಗ. ಈಗ ಅದು ಯಾರ ಮಗನೂ ಆಗಿ ಬರೆಯಲ್ಲ, ಬರಹದ ಕೆಲಸಕ್ಕೆ ಒಂದು ಸಣ್ಣ ವಸ್ತುವನ್ನ ಒಳಗೆ ಇಟ್ಟುಕೊಂಡಿದೆ.

ಬಳುವಳಿಯಲ್ಲಿ ಬೇಡದ್ದೂ ಬರುತ್ತೆ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ಜಾವಾದ ಸ್ವಿಂಗ್ ಗುಂಡಿ, ಜೆಬಟನ್. ಅದರ ವಂಶ ಹತ್ತುತ್ತಾ ಹೋದರೆ ಮಧ್ಯದಲ್ಲಿ 'ಕಂಟೇನರ್' ಅನ್ನೋ ಹಿರಿಯರು ಸಿಗ್ತಾರೆ. ಅವರ ಗುಣ, ಬೇರೆಯದನ್ನ ತಮ್ಮೊಳಗೆ ಸೇರಿಸಿಕೊಳ್ಳೋದು. ಅದು ಗುಂಡಿಗೂ ಇಳಿದು ಬಂದಿದೆ. ಅಂದ್ರೆ ಗುಂಡಿಯ ಒಳಗೆ ಇನ್ನೊಂದು ಗುಂಡಿ ಸೇರಿಸಬಹುದು. ಯಾರಿಗೆ ಬೇಕಿತ್ತು? ಯಾರಿಗೂ ಬೇಡ. ಆದರೆ ತಾತನ ಕಾಲದ ಬೀರು ಥರ ಬಂದಿದೆ, ಮಾರೋ ಹಾಗಿಲ್ಲ.

ಹಾಗಂತ ಬಳುವಳಿಯೇ ಕೆಟ್ಟದ್ದು ಅಂತ ತೀರ್ಪು ಕೊಡೋಕೆ ನಾನು ತಯಾರಿಲ್ಲ. ಮೇಷ್ಟ್ರು ಕಪಾಟಿನ ಹಾಗೇ ಪುಸ್ತಕದ ಬೆನ್ನುಗಳು ಸಾಲಾಗಿ ಕಾಣಬೇಕು ಅಂದಾಗ, ಅದನ್ನ ಬರೆದದ್ದು ಬಳುವಳಿಯಿಂದಲೇ. ಪರದೆ ಮೇಲೆ ತನ್ನನ್ನ ತಾನೇ ಚಿತ್ರಿಸಿಕೊಳ್ಳೋದು, ಮೌಸಿಗೆ ಓಗೊಡೋದು, ಟ್ಯಾಬ್ ಕೀಲಿಗೆ ಸರದಿ ಕಾಯೋದು, ಇವೆಲ್ಲ 'ಕಂಟ್ರೋಲ್' ಅನ್ನೋ ಅಜ್ಜನ ಹತ್ತಿರ ಇದೆ. ನನಗೆ ಅವೆಲ್ಲವೂ ಬೇಕಿತ್ತು. ಆ ಕಪಾಟು ನಿಜವಾಗಿಯೂ ಒಂದು ಕಂಟ್ರೋಲ್. ಬಳುವಳಿಗೆ ನಾನು ಇಟ್ಟುಕೊಂಡಿರೋ ಪರೀಕ್ಷೆ ಇದು: ಅಪ್ಪನದೆಲ್ಲ ಬೇಕಾ, ಅಥವಾ ಒಂದು ಗುಣಕ್ಕಾಗಿ ಇಡೀ ಮನೆತನ ಹೊರಬೇಕಾ?

ಜೋಡಣೆಯಲ್ಲೂ ತಾಪತ್ರಯ ಇದೆ. ಕೋಷ್ಟಕ ಪ್ರತಿ ಸಲ ಹೊಸ ಪೆಟ್ಟಿಗೆ ತರಲ್ಲ, ಹಳೆಯದನ್ನೇ ತಂದು ಕೂರಿಸುತ್ತೆ. ಅದು ತೋರಿಸಿದಾಗಲೆಲ್ಲ ನೀವು ಕೀಲಿಮಣೆ ಜೋಡಿಸ್ತಾ ಹೋದರೆ ಎರಡೆರಡು ಕೀಲಿಮಣೆ ಅಂಟಿಕೊಂಡು, ಕ ಒತ್ತಿದರೆ ಕಕ ಬರುತ್ತೆ. ಅದಕ್ಕೇ ಮೊದಲು ಬಿಚ್ಚಿ ಆಮೇಲೆ ಜೋಡಿಸೋದು ಬಲ್ಲವರ ವಾಡಿಕೆ. ಇನ್ನೊಂದು, ಬಳುವಳಿಯ ಕೋಡಿನಲ್ಲಿ ಕ್ಲಾಸಿನ ಹೆಸರು ಓದಿದರೆ ಸಾಕು, ಇದು ಕನ್ನಡದ್ದು ಅಂತ ಗೊತ್ತಾಗುತ್ತೆ. ಜೋಡಣೆಯಲ್ಲಿ ಮಾಮೂಲಿ ಪೆಟ್ಟಿಗೆಯಲ್ಲಿ ಕನ್ನಡ ಎಲ್ಲಿಂದ ಬಂತು ಅಂತ ಹೊಸಬರು ಹುಡುಕಿಕೊಂಡು ಹೋಗಬೇಕು. ಯಾವುದಕ್ಕೆ ಯಾವುದು ಜೋಡಿಸಿದೆ ಅನ್ನೋದನ್ನೆಲ್ಲ ಒಂದೇ ಕಡೆ ಬರೆದಿಟ್ಟರೆ ಮಾತ್ರ ಬಚಾವು.

ಆದರೂ ನಾನು ಜೋಡಣೆಯ ಪಕ್ಷ ಯಾಕೆ ಅಂದ್ರೆ, ಜೋಡಿಸಿದ್ದನ್ನ ತೆಗೀಬಹುದು. 2019ರಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟಿನೊಂದಿಗೆ ಕನ್ನಡಕ್ಕೂ ಉಚ್ಚಾರಣೆಯ ಕೀಲಿಮಣೆ ಬಂತು. ಮಧ್ಯಾಹ್ನದ ಹುಡುಗಿಗೆ ಅದೇ ಹಿಡಿಸಿತು. ಸರಿ, ನಮ್ಮ ಉಚ್ಚಾರಣೆಯ ಕೀಲಿಮಣೆಯ ವಸ್ತುವನ್ನ ಎಸೆದು, ಆ ಜಾಗಕ್ಕೆ ಹತ್ತು-ಹದಿನೈದು ಸಾಲಿನ ಇನ್ನೊಂದನ್ನ ಕೂರಿಸಿದೆ. ಅದು ಮಾಡೋದಿಷ್ಟೇ: ಪೆಟ್ಟಿಗೆಯೊಳಗೆ ಹೋದಾಗ ವಿಂಡೋಸಿಗೆ 'ಕನ್ನಡಕ್ಕೆ ತಿರುಗು' ಅನ್ನೋದು, ಹೊರಗೆ ಬಂದಾಗ 'ಇಂಗ್ಲಿಷಿಗೆ ತಿರುಗು' ಅನ್ನೋದು. ಒಂದೇ ಒಂದು ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಮೇಷ್ಟ್ರ ಕೀಲಿಮಣೆ ಹಾಗೇ ಉಳೀತು. ವಂಶವೃಕ್ಷದಲ್ಲಿದ್ದಿದ್ದರೆ ಇದು ಕೊಂಬೆ ಕಡಿಯೋ ಕೆಲಸ ಆಗ್ತಿತ್ತು, ಯಾವ ಕೊಂಬೆ ಮೇಲೆ ಯಾರು ಕೂತಿದ್ದಾರೋ ಅಂತ ಹೆದರಿಕೊಂಡೇ ಕಡೀಬೇಕಾಗ್ತಿತ್ತು.

ಪಟ್ಟಿ ಸರಿಮಾಡೋಕೆ ಮೇಷ್ಟ್ರು ಎರಡು ತಿಂಗಳು ತಗೊಂಡರು. ದಿನಕ್ಕೆ ಒಂದು ಕಪಾಟು, ಪುಸ್ತಕ ಕೈಯಲ್ಲಿ ಹಿಡಿದು, ಕೋಷ್ಟಕದಲ್ಲೇ ಇಂಗ್ಲಿಷ್ ಹೆಸರು ಅಳಿಸಿ ಕನ್ನಡದಲ್ಲಿ ಬರೀತಾ. ಮೂರು 'ವಂಶವೃಕ್ಷ' ಒಂದಾದವು. ಇಲ್ಲವೇ ಇಲ್ಲ ಅಂದುಕೊಂಡಿದ್ದ ಎಷ್ಟೋ ಪುಸ್ತಕ ಇದ್ದವು, ಇವೆ ಅಂದುಕೊಂಡಿದ್ದ ಕೆಲವು ಯಾರ ಮನೆಯಲ್ಲೋ ಉಳಿದುಬಿಟ್ಟಿದ್ದವು.

ಮೊನ್ನೆ ಮತ್ತೆ ಕರೆದರು. ಪಕ್ಕದ ಅಪಾರ್ಟ್‌ಮೆಂಟಿನ ಅಜ್ಜಿಯೊಬ್ಬರು ಊರಿಗೆ ಹೋಗೋ ಮುಂಚೆ ಒಂದು ಅಟ್ಟೆ ತುಂಬ ತೆಲುಗು ಕಾದಂಬರಿ ಕೊಟ್ಟು ಹೋಗಿದ್ದಾರೆ. "ಇವನ್ನ ತೆಲುಗಿನಲ್ಲೇ ಬರೆದಿಡಬೇಕಮ್ಮಾ, ಇಂಗ್ಲಿಷಿನಲ್ಲಿ ಬರೆದು ಆದ ಪಾಡು ನೋಡಿದ್ದೀಯಲ್ಲ. ಎಷ್ಟು ದಿನ ಹಿಡಿಯುತ್ತೆ?" ಅಂದರು. ತೆಲುಗು ಬಲ್ಲ ಒಂದು ವಸ್ತು ಬರೆದು ಪಕ್ಕದಲ್ಲಿ ಕೂರಿಸಬೇಕು, ಪೆಟ್ಟಿಗೆಗಳಿಗೆ ಗೊತ್ತೂ ಆಗಲ್ಲ. ಭಾನುವಾರ ಸಾಯಂಕಾಲದೊಳಗೆ ಕೊಡ್ತೀನಿ ಅಂತ ಹೇಳಿ ಬಂದಿದ್ದೀನಿ.